ಆ ಹೆಸರಿನವರು ಈ ಮನೆಯಲ್ಲಿಲ್ಲ

ತಾನು ಸತ್ತುಹೋಗಿದ್ದೇನೆಂಬ ಸುದ್ದಿ ಲಿನ್ವಲ್ ಡೇಕರ್ಸನಿಗೆ ತಿಳಿದದ್ದು ಗುರುವಾರ ಬೆಳಗ್ಗೆ, ಆಲ್ಬರ್ಟ್ ಟೌನಿನ ಶಾಲೆಗೆ ಇಳಿಯುವ ಬಾಡಿಗೆ ಕಾರಿನಲ್ಲಿ. ಹಿಂದಿನ ಸೀಟಿನಲ್ಲಿ ಮೂವರು ಹೆಂಗಸರ ಜೊತೆ ನಾಲ್ಕನೆಯವನಾಗಿ, ಒಂದು ಭುಜ ಮುಂದಕ್ಕೂ ಇನ್ನೊಂದು ಹಿಂದಕ್ಕೂ ಮಾಡಿಕೊಂಡು ಕೂತಿದ್ದ ಅವನು, ಪಕ್ಕದವಳಿಗೆ ಕಾಣದ ಹಾಗೆ ಅಂಗೈಯನ್ನು ಬಟ್ಟಲು ಮಾಡಿ ಮೊಬೈಲು ಹಿಡಿದು ಓದಿದ. ಅವನು ಕೆಲಸಕ್ಕೆ ಅರ್ಜಿ ಹಾಕಿದ್ದ ಜಪಾನಿನ ಶಾಲೆಯಿಂದ ಹಮಾಗುಚಿ ಎಂಬಾಕೆ ಬರೆದಿದ್ದಳು. ನೀವು ಕೊಟ್ಟ ಮನೆಯ ಸಂಖ್ಯೆಗೆ ಎರಡು ಬಾರಿ ಕರೆ ಮಾಡಿದೆವು. ಮೊದಲ ಸಲ ಒಬ್ಬ ಮಹಿಳೆ ಆ ಹೆಸರಿನವರು ಈ ಮನೆಯಲ್ಲಿಲ್ಲ ಎಂದರು. ಎರಡನೆಯ ಸಲ ಅದೇ ಮಹಿಳೆ, ನೀವು ತೀರಿಕೊಂಡಿದ್ದೀರೆಂದು ತಿಳಿಸಿದರು. ಇದು ನಿಜವಾಗಿದ್ದರೆ ನಮ್ಮ ಹೃತ್ಪೂರ್ವಕ ಸಂತಾಪಗಳು. ಅಲ್ಲವಾದರೆ ದಯವಿಟ್ಟು ವಿವರಿಸಿ. ನಿಮ್ಮ ವೀಸಾಕ್ಕೆ ಬೇಕಾದ ಅರ್ಹತಾ ಪತ್ರಕ್ಕಾಗಿ ಇಲ್ಲಿನ ವಲಸೆ ಕಚೇರಿಗೆ ಅರ್ಜಿ ಹಾಕುವ ಮುನ್ನ ನಿಮ್ಮ ಮನೆಯವರ ಜೊತೆ ಒಮ್ಮೆ ಮಾತಾಡುವುದು ನಮ್ಮ ಶಾಲೆಯ ಪದ್ಧತಿ. ನಿಮ್ಮ ಊರಿನ ಗುರುವಾರ ಸಂಜೆ ಏಳಕ್ಕೆ ಅದೇ ಸಂಖ್ಯೆಗೆ ಕೊನೆಯ ಸಲ ಕರೆ ಮಾಡುತ್ತೇವೆ.

ಅವನಿಗೆ ಮೊದಲು ಬಂದದ್ದು ನಗು. ಗಂಟಲಲ್ಲಿ ಗುಳ್ಳೆಯ ಹಾಗೆ ಎದ್ದ ಅದನ್ನು ಅವನು ಕೆಮ್ಮಾಗಿ ಮಾಡಿದ. ಡ್ರೈವರು ಕನ್ನಡಿಯಲ್ಲಿ ಅವನ ಮುಖ ನೋಡಿ, "ಏನ್ ಟೀಚರ್, ಬೆಳ್ಬೆಳಗ್ಗೆ ಒಳ್ಳೇ ಸುದ್ದಿನಾ? ನಮಗೂ ಹೇಳಿ, ಒಂಚೂರು ನಗ್ತೀವಿ" ಅಂದ. "ಏನೂ ಇಲ್ಲ" ಎಂದ ಲಿನ್ವಲ್. ಆ ಎರಡು ಶಬ್ದ ಎಷ್ಟು ಬೇಗ, ಎಷ್ಟು ನಯವಾಗಿ ನಾಲಿಗೆಗೆ ಬಂದವೆಂದರೆ ಅವು ಅಲ್ಲೇ ಕಾದು ಕೂತಿದ್ದಂತಿತ್ತು. ಮೊಣಕಾಲ ಮೇಲಿದ್ದ ತನ್ನ ಕೈಯನ್ನು ನೋಡಿಕೊಂಡ. ಉಗುರಿನ ಸಂದಿಯಲ್ಲಿ ನಿನ್ನೆಯ ಸೀಮೆಸುಣ್ಣದ ಪುಡಿ. ಇದು ಸತ್ತವನ ಕೈ. ಹೊರಗೆ ಗುಡ್ಡದ ಇಳಿಜಾರಿನಲ್ಲಿ ಹೆಗ್ಗೆಣಸಿನ ಬಳ್ಳಿಗಳು ಕೋಲಿಗೆ ಸುತ್ತಿಕೊಂಡು ಸಾಲಾಗಿ ನಿಂತಿದ್ದವು. ಮಂಜು ಇನ್ನೂ ಬಿಟ್ಟಿರಲಿಲ್ಲ. ಸತ್ತವನಿಗೂ ಇವೆಲ್ಲ ಹೀಗೇ ಕಾಣುತ್ತಿದ್ದವೇನೋ. ಐಸಿಲ್ಡಾ ದೊಡ್ಡಮ್ಮ ಅಷ್ಟು ಸಲೀಸಾಗಿ ಅವನನ್ನು ಕೊಂದುಹಾಕಿದ್ದಾಳೆ, ಏಪ್ರನ್ನಿನ ಜೇಬಿನಿಂದ ಫೋನು ತೆಗೆದು, ಬಹುಶಃ ಇನ್ನೊಂದು ಕೈಯಲ್ಲಿ ಗಂಜಿ ತಿರುವುತ್ತಾ. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ಹೊರಟರೆ ಸಿಟ್ಟು ಅರ್ಧದಾರಿಯಲ್ಲೇ ನಿಂತುಬಿಡುತ್ತಿತ್ತು. ಜಪಾನಿನ ಹೆಸರನ್ನೇ ಅವನು ಅವಳೆದುರು ಎತ್ತಿರಲಿಲ್ಲ. ಮನೆಯಲ್ಲಿ ಯಾರಿಗೂ ಎತ್ತಿರಲಿಲ್ಲ. ಹೊರಡುವವನು ಹೊರಡುತ್ತೇನೆಂದು ಹೇಳಬಾರದು ಎಂಬುದನ್ನು ಅವನಿಗೆ ಕಲಿಸಿದವಳೇ ಅವಳು.

ಹೇಳಿದರೆ ಕಣ್ಣು ಬೀಳುತ್ತದೆ. ಯಾರದೋ ಹೊಟ್ಟೆಕಿಚ್ಚಿನ ಬಾಯಿ ತಾಗುತ್ತದೆ. ವೀಸಾ ಸಿಕ್ಕಿತೆಂದು ಚರ್ಚಿನಲ್ಲಿ ಎದ್ದುನಿಂತು ದೇವರಿಗೆ ವಂದನೆ ಹೇಳಿದ ಬಡಗಿಯೊಬ್ಬ ಮರುವಾರವೇ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡ; ಈಗಲೂ ಆತ ಕೋಲೂರಿಕೊಂಡು ರಸ್ತೆಯಲ್ಲಿ ಹಾದುಹೋದರೆ ದೊಡ್ಡಮ್ಮ ದನಿ ತಗ್ಗಿಸಿ, "ಏಣಿ ಜಾರಿದ್ದಲ್ಲ, ಬಾಯಿ ಜಾರಿದ್ದು" ಎನ್ನುತ್ತಾಳೆ. ಈ ಊರಲ್ಲಿ ಜನ ಹೋಗುವುದಿಲ್ಲ, ಹೋಗಿಬಿಟ್ಟಿರುತ್ತಾರೆ. ಬೆಳಕು ಹರಿಯುವ ಮೊದಲು ಒಂದು ಕಾರು ಬರುತ್ತದೆ, ದೀಪ ಆರಿಸಿಕೊಂಡು. ಮಧ್ಯಾಹ್ನದ ಹೊತ್ತಿಗೆ ಆ ಮನೆಯ ಕಿಟಕಿಯಲ್ಲಿ ಬೇರೆ ಪರದೆ. ಅಮ್ಮ ಟೊರಾಂಟೊಗೆ ಹೋದಾಗ ಅವನಿಗೆ ಏಳು ವರ್ಷ. ಅವಳು ಬಟ್ಟೆಗಳನ್ನು ಗೆಣಸಿನ ಗೋಣಿಚೀಲದಲ್ಲಿ ತುಂಬಿದ್ದಳು, ನೋಡಿದವರು ಸಂತೆಯ ಮಾಲು ಅಂದುಕೊಳ್ಳಲೆಂದು. ಆ ಚೀಲವನ್ನು ಬಾಗಿಲ ಹತ್ತಿರ ನಿಲ್ಲಿಸಿದ್ದನ್ನು ಅವನೂ ನೋಡಿದ್ದ, ಅವನೂ ಸಂತೆಯ ಮಾಲೆಂದೇ ತಿಳಿದಿದ್ದ. ಎದ್ದಾಗ ಅವಳ ಹಾಸಿಗೆ ಅಚ್ಚುಕಟ್ಟಾಗಿ ಮಡಚಿತ್ತು. ಸಂತೆಗೆ ಹೋಗಿದ್ದಾಳೆ ಎಂದಳು ದೊಡ್ಡಮ್ಮ. ಪ್ರತಿ ಸಂತೆಯ ದಿನವೂ ಲಾರಿ ವಾಪಸು ಬರುವಾಗ ಅವನು ರಸ್ತೆಯಂಚಿನ ಕಲ್ಲಿನ ಮೇಲೆ ಕೂತಿರುತ್ತಿದ್ದ, ಇಳಿಯುವ ಹೆಂಗಸರ ಕಾಲುಗಳನ್ನು ಮಾತ್ರ ನೋಡುತ್ತ, ಯಾಕೆಂದರೆ ಮುಖ ನೋಡುವ ಧೈರ್ಯವಾಗುತ್ತಿರಲಿಲ್ಲ. ಅವಳಲ್ಲವೆಂದು ಕಾಲಿನಿಂದ ಗೊತ್ತಾದರೆ ಕಡಿಮೆ ನೋಯುತ್ತಿತ್ತು. ಆಮೇಲೆ ಟೊರಾಂಟೊದಿಂದ ಒಂದು ಪೆಟ್ಟಿಗೆ ಬಂತು, ಅದರಲ್ಲಿ ಒಂದು ಜೊತೆ ಶೂ; ಅವಳು ಬಿಟ್ಟುಹೋದಾಗ ಇದ್ದ ಅವನ ಕಾಲಿನ ಅಳತೆಯದ್ದು. ಈಗಲೂ ಅವಳು ಅಲ್ಲೇ ಇದ್ದಾಳೆ, ಭಾನುವಾರ ಫೋನು ಮಾಡುತ್ತಾಳೆ, ಇಬ್ಬರೂ ಹವೆಯ ಬಗ್ಗೆ ಮಾತಾಡುತ್ತಾರೆ. ಅಲ್ಲಿ ಹಿಮ, ಇಲ್ಲಿ ಬಿಸಿಲು. ಕೇಳಬೇಕಾದ್ದನ್ನು ಅವನು ಕೇಳಿಲ್ಲ, ಹೇಳಬೇಕಾದ್ದನ್ನು ಅವಳು ಹೇಳಿಲ್ಲ.

ಕಾರು ಗುಂಡಿಗೆ ಬಿದ್ದು ಎದ್ದಿತು. ಪಕ್ಕದ ಹೆಂಗಸಿನ ಮೊಣಕೈ ಅವನ ಪಕ್ಕೆಗೆ ಹೊಕ್ಕಿತು. ಆಕೆ, "ನೋವಾಯ್ತಾ ಟೀಚರ್?" ಎಂದು ಕೇಳಿದಾಗಲೂ ಅವನು ಏನೂ ಇಲ್ಲವೆಂದ. ಜೋಡಿಯಲ್ ಬೆಳಗ್ಗೆ ಅವನ ಟೈ ಹಿಡಿದು ಎಳೆದು, ನೆಟ್ಟಗೆ ಮಾಡಿ, ದೊಡ್ಡವರ ಹಾಗೆ ಒಂದು ಹೆಜ್ಜೆ ಹಿಂದೆ ಸರಿದು ನೋಡಿದ್ದಳು. ಅವನ ಮಗಳು, ಎಂಟು ವರ್ಷದ ಹುಡುಗಿ. ಅವಳ ತಾಯಿ ಮಾಂಟೆಗೊ ಬೇ ಪಟ್ಟಣದ ಹೋಟೆಲಿನಲ್ಲಿ ಕೆಲಸ ಮಾಡುತ್ತಾಳೆ, ಅಲ್ಲೇ ಬೇರೆ ಸಂಸಾರ, ಕ್ರಿಸ್‌ಮಸ್ಸಿಗೆ ಒಂದು ಗೊಂಬೆ. ಮಗಳಿಗೆ ಹೇಳದೆ ಹೊರಡುವುದೆಂದು ಅವನು ಯಾವತ್ತೂ ನಿರ್ಧರಿಸಿರಲಿಲ್ಲ. ಆದರೆ ಹೇಳುವುದೆಂದೂ ನಿರ್ಧರಿಸಿರಲಿಲ್ಲ. ಜಪಾನಿಗೆ ಹೊರಡಬೇಕಿದ್ದ ಏಪ್ರಿಲ್ಲಿನ ಯಾವುದೋ ಬೆಳಗನ್ನು ನೆನೆದಾಗಲೆಲ್ಲ ಅವನಿಗೆ ವಿಮಾನ ಕಾಣಿಸುತ್ತಿತ್ತು, ಅಲ್ಲಿಯ ತರಗತಿ, ಪುಟ್ಟ ಪುಟ್ಟ ಕುರ್ಚಿಗಳು, ಕಿಟಕಿಯಾಚೆ ತಾನು ಕಂಡಿರದ ಒಂದು ಬೂದು ಸಮುದ್ರ ಕಾಣಿಸುತ್ತಿತ್ತು. ಮನೆಯ ಬಾಗಿಲು ದಾಟುವ ಗಳಿಗೆ ಮಾತ್ರ ಕಾಣಿಸುತ್ತಿರಲಿಲ್ಲ. ಅಲ್ಲೊಂದು ತೂತಿತ್ತು.

ಕೆಲವು ವಾರಗಳ ಹಿಂದೆ ಆ ಕೆಲಸದ ಸಂದರ್ಶನ ನಡೆದದ್ದು ಇಲ್ಲಿನ ಶಾಲೆಯ ಗ್ರಂಥಾಲಯದಲ್ಲಿ, ಎಲ್ಲರೂ ಹೋದಮೇಲೆ, ಒಳಗಿನಿಂದ ಚಿಲಕ ಹಾಕಿಕೊಂಡು. ಮೇಲೆ ಕೋಟು, ಟೈ. ಕೆಳಗೆ ಸೆಕೆಗೆ ಪ್ಯಾಂಟಿನ ಕಾಲು ಮಡಚಿಕೊಂಡಿದ್ದ. ಕಂಪ್ಯೂಟರ್ ಪರದೆಯ ಆಚೆ ಹಮಾಗುಚಿ, ಮತ್ತೆ ಕಪ್ಪು ಸೂಟಿನ ಒಬ್ಬ ಗಂಡಸು. ನಿಮ್ಮ ಇಂಗ್ಲಿಷ್ ಸೊಗಸಾಗಿದೆ, ಅದು ನಿಮ್ಮ ಮಾತೃಭಾಷೆಯೇ ಎಂದು ಅವಳು ಕೇಳಿದಳು. ಹನ್ನೆರಡು ವರ್ಷ ಇಂಗ್ಲಿಷ್ ಕಲಿಸಿದವನಿಗೆ, ಮಕ್ಕಳು ಮನೆಮಾತಿನಲ್ಲಿ ಉತ್ತರ ಕೊಟ್ಟರೆ ಹುಬ್ಬೇರಿಸಿ ಕಾಯುವವನಿಗೆ, ಆ ಪ್ರಶ್ನೆ ಚುಚ್ಚಿತು. ಹೌದೆಂದ. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಆಮೇಲೆ ಸೂಟಿನ ಗಂಡಸು, "ಈಗ ನಾನು ಐದು ವರ್ಷದ ಮಗು, ಇವತ್ತು ನನ್ನ ಮೊದಲ ತರಗತಿ" ಎಂದವನೇ ಎರಡೂ ಕೈ ಕಣ್ಣಿಗೊತ್ತಿಕೊಂಡು ಅಮ್ಮಾ ಅಮ್ಮಾ ಎಂದು ಅಳತೊಡಗಿದ. ನರೆತ ಕಿವಿಗೂದಲಿನ ಮನುಷ್ಯ ಅಳುವುದನ್ನು ನೋಡಿ ಲಿನ್ವಲನಿಗೆ ಮೈಯೆಲ್ಲ ಬಿಸಿಯಾಯಿತು. ಅವನು ತಯಾರು ಮಾಡಿಕೊಂಡಿದ್ದ ಬಣ್ಣದ ಚೀಟಿಗಳು, ಹಾಡು, ಚಪ್ಪಾಳೆ ಯಾವುದೂ ನೆನಪಾಗಲಿಲ್ಲ. ಕುರ್ಚಿಯಿಂದ ಇಳಿದು ನೆಲದ ಮೇಲೆ ಕೂತ. ಮಡಚಿದ ಪ್ಯಾಂಟು ಅವರಿಗೆ ಕಂಡಿರಬೇಕು. ಏನೂ ಮಾತಾಡದೆ, ಆ ಮಗುವಿನ ಕಡೆ ನೋಡದೆ, ಬೆರಳಿನಿಂದ ನೆಲಹಲಗೆಯನ್ನು ಮೆಲ್ಲಗೆ ತಟ್ಟತೊಡಗಿದ. ಎರಡು ಸಲ, ನಿಲ್ಲಿಸಿ ಒಂದು ಸಲ. ಎರಡು ಸಲ, ನಿಲ್ಲಿಸಿ ಒಂದು ಸಲ. ತಾಯಿ ಹೋದ ತಿಂಗಳುಗಳಲ್ಲಿ ಜೋಡಿಯಲ್ ಮಂಚದ ಕೆಳಗೆ ಹೊಕ್ಕು ಅಳುತ್ತಿದ್ದಾಗ ಅವನು ಮಾಡುತ್ತಿದ್ದುದು ಅದನ್ನೇ. ತಟ್ಟುತ್ತ ತಟ್ಟುತ್ತ ಇದ್ದರೆ ಕೊನೆಗೊಮ್ಮೆ ಕೆಳಗಿನಿಂದ ಒಂದು ಪುಟ್ಟ ಬೆರಳು ಹೊರಬಂದು ಉಳಿದ ಒಂದು ತಟ್ಟನ್ನು ತಟ್ಟುತ್ತಿತ್ತು. ಸೂಟಿನ ಗಂಡಸಿನ ಅಳು ನಿಂತಿತು. ಅವನೂ ಮೇಜನ್ನು ತಟ್ಟಿದ. ಹಮಾಗುಚಿ ಮುಂದಕ್ಕೆ ಬಾಗಿ, "ಇದನ್ನು ಎಲ್ಲಿ ಕಲಿತಿರಿ? ನಿಮಗೆ ಮಕ್ಕಳಿದ್ದಾರೆಯೇ?" ಎಂದು ಕೇಳಿದಳು.

ಇಲ್ಲ ಎಂದ ಲಿನ್ವಲ್.

ಮಗುವಿದ್ದವನನ್ನು ಅಷ್ಟು ದೂರ ಯಾರು ಕರೆಸಿಕೊಳ್ಳುತ್ತಾರೆ, ಒಂಟಿ ಕೋಣೆ ಕೊಡುತ್ತೇವೆಂದು ಜಾಹೀರಾತಿನಲ್ಲೇ ಇತ್ತು ಎಂದೆಲ್ಲ ಅವನು ಆಮೇಲೆ ತನಗೆ ತಾನೇ ಹೇಳಿಕೊಂಡ. ಆದರೆ ಆ ಕ್ಷಣದಲ್ಲಿ ಯಾವ ಲೆಕ್ಕಾಚಾರವೂ ಇರಲಿಲ್ಲ. ಕೇಳಿದರೆ ಇಲ್ಲ ಅನ್ನುವುದು, ಅಷ್ಟೆ. ಅರ್ಜಿಯಲ್ಲೂ ಅವಲಂಬಿತರು ಎಂದಿದ್ದ ಜಾಗದಲ್ಲಿ ಒಂದು ಅಡ್ಡಗೆರೆ ಎಳೆದ. ಗೆರೆ ಎಳೆದಾಗ ಪಕ್ಕದ ಕೋಣೆಯಲ್ಲಿ ಅವಳು ಮಗ್ಗಿ ಹೇಳುತ್ತಿದ್ದಳು.

ಆ ಗುರುವಾರ ಮಧ್ಯಾಹ್ನದವರೆಗೆ ಅವನು ಏನು ಕಲಿಸಿದನೋ ಅವನಿಗೇ ತಿಳಿಯಲಿಲ್ಲ. ದೊಡ್ಡಮ್ಮನಿಗೆ ಫೋನು ಮಾಡಿ ಇಷ್ಟೇ ಹೇಳಬೇಕಿತ್ತು: ಸಂಜೆ ಫೋನು ಬಂದರೆ ನಾನು ಬದುಕಿದ್ದೇನೆ ಅನ್ನು. ಮೊಬೈಲಿನಲ್ಲಿ ದುಡ್ಡು ಮುಗಿದಿತ್ತು. ಊಟದ ವಿರಾಮದಲ್ಲಿ ಕಚೇರಿಯ ಫೋನಿನ ಹತ್ತಿರ ಹೋದರೆ ಉಪಮುಖ್ಯೋಪಾಧ್ಯಾಯಿನಿ ಮಿಸೆಸ್ ಪಿಯರ್ಟ್ ಬನ್ನಿನ ನಡುವೆ ಚೀಸ್ ಇಟ್ಟುಕೊಂಡು ಅಲ್ಲೇ ಕೂತಿದ್ದಳು. ಈಕೆಗೆ ಗೊತ್ತಾದರೆ ಸಂಜೆಯೊಳಗೆ ಇಡೀ ಟ್ರೆಲಾನಿ ಜಿಲ್ಲೆಗೆ ಗೊತ್ತಾದ ಹಾಗೆ. "ಒಬ್ಬ ಹುಡುಗನ ಮನೆಗೆ ಫೋನ್ ಮಾಡ್ಬೇಕಿತ್ತು" ಎಂದ. "ಮಾಡಪ್ಪ, ಮಾಡು. ಇತ್ತೀಚೆಗೆ ಪೋಷಕರ ಮೇಲೆ ನಿಂಗೆ ಭಾರೀ ಪ್ರೀತಿ" ಎಂದಳು ಅವಳು, ಕದಲದೆ. ಹಾಗಾಗಿ ಅವನು ಶಾಲೆಯ ದನಿಯಲ್ಲೇ ಮಾತಾಡಬೇಕಾಯಿತು, ಜಪಾನಿಗಾಗಿ ತಿಂಗಳುಗಟ್ಟಲೆ ತಿದ್ದಿ ತೀಡಿದ ಆ ದನಿಯಲ್ಲಿ. "ನಮಸ್ಕಾರ. ಐಸಿಲ್ಡಾ ಗೋರ್ಡನ್ ಅವರೇ? ಮನೆಯ ಹುಡುಗನ ವಿಷಯವಾಗಿ ತಮ್ಮೊಡನೆ ಸ್ವಲ್ಪ ಮಾತಾಡುವುದಿತ್ತು." ಗುರುತು ಹಿಡಿಯುತ್ತಾಳೆ, ಮೂವತ್ತು ವರ್ಷ ಸಾಕಿದವಳು, ಕೆಮ್ಮಿದರೂ ಗುರುತು ಹಿಡಿಯುತ್ತಾಳೆ ಅಂದುಕೊಂಡ.

"ಮತ್ತೆ ಶುರುವಾಯ್ತಾ ನಿಮ್ದು?" ಎಂದಿತು ಆಚೆಯ ದನಿ. "ನೆನ್ನೆ ಹೆಂಗಸು, ಇವತ್ತು ಗಂಡಸು. ಎಷ್ಟ್ ಸಲ ಹೇಳೋದು ಸ್ವಾಮಿ? ಸತ್ತೋದ. ಮಣ್ಣು ಮಾಡಿ ಆಯ್ತು. ಒಳ್ಳೇ ಮರದ ಪೆಟ್ಟಿಗೇಲೇ ಮಾಡಿದೀವಿ. ದುಃಖದ ಮನೆ, ನಮ್ಮ ಪಾಡಿಗೆ ನಮ್ಮನ್ನ ಬಿಟ್ಬಿಡಿ."

ಫೋನು ಕಟ್ಟಾಯಿತು. ಅವನು ರಿಸೀವರನ್ನು ಕಿವಿಯಲ್ಲೇ ಇಟ್ಟುಕೊಂಡು ನಿಂತಿದ್ದ. ತಾನು ಇಲ್ಲವೆನ್ನುವುದನ್ನು ಈಗ ತನ್ನ ಕಿವಿಯಿಂದಲೇ ಕೇಳಿದ್ದ. ಎಷ್ಟು ಸುಲಭ, ಎಷ್ಟು ವಿವರವಾಗಿ, ಮರದ ಪೆಟ್ಟಿಗೆಯ ಸಮೇತ. ಮಗಳ ಜಾಗದಲ್ಲಿ ತಾನೆಳೆದ ಅಡ್ಡಗೆರೆ ಇದಕ್ಕಿಂತ ಕ್ರೂರ. ಅದರಲ್ಲಿ ಪೆಟ್ಟಿಗೆ ಕೂಡ ಇರಲಿಲ್ಲ.

"ಏನಂತೆ?" ಎಂದಳು ಮಿಸೆಸ್ ಪಿಯರ್ಟ್.

"ಮನೇಲಿ ಸಾವಾಗಿದೆಯಂತೆ."

"ಅಯ್ಯೋ ದೇವರೇ, ಯಾರು?"

"ಸರಿಯಾಗಿ ಗೊತ್ತಾಗಲಿಲ್ಲ" ಎಂದ ಲಿನ್ವಲ್. ಅದೂ ಸುಳ್ಳೆನಿಸಲಿಲ್ಲ.

ಸಂಜೆ ಗುಡ್ಡ ಹತ್ತಿ ಮನೆಗೆ ಬಂದಾಗ ದೊಡ್ಡಮ್ಮ ಜಗಲಿಯ ಮೇಲಿನ ಮೆಟ್ಟಿಲಲ್ಲಿ ಕಾಲು ಅಗಲಿಸಿ ಕೂತು, ಕೆಳಗಿನ ಮೆಟ್ಟಿಲಲ್ಲಿ ಜೋಡಿಯಲಳನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು, ಅವಳ ತಲೆಗೆ ಎಣ್ಣೆ ಹಚ್ಚಿ ಸಾಲುಜಡೆ ಹೆಣೆಯುತ್ತಿದ್ದಳು. ಅರ್ಧ ತಲೆ ಆಗಿತ್ತು. ಉಳಿದರ್ಧ ಮೋಡದ ಹಾಗೆ ಎದ್ದು ನಿಂತಿತ್ತು. ಬೇಲಿಯಾಚೆ ಪಕ್ಕದ ಮನೆಯ ಎಗ್ಬರ್ಟ್ ಮಾವ ತನ್ನ ಕತ್ತಿಯನ್ನು ಕಲ್ಲಿಗೆ ಮಸೆಯುತ್ತಿದ್ದ ಸದ್ದು. ಲಿನ್ವಲ್ ದನಿ ತಗ್ಗಿಸಿ, "ದೊಡ್ಡಮ್ಮ, ಒಳಗೆ ಬಾ, ಒಂದ್ ಮಾತಿದೆ" ಎಂದ.

"ಇಲ್ಲೇ ಹೇಳು. ಕೈ ಬಿಟ್ರೆ ಇವ್ಳು ಕೈಗೆ ಸಿಗಲ್ಲ."

"ಯಾರಾದ್ರೂ ಫೋನ್ ಮಾಡಿದ್ರಾ?"

"ಯಾರೂ ಇಲ್ಲ" ಎಂದಳು ದೊಡ್ಡಮ್ಮ, ಬಾಚಣಿಗೆ ಹಲ್ಲಲ್ಲಿ ಕಚ್ಚಿಕೊಂಡೇ, ರೆಪ್ಪೆಯೂ ಅಲುಗದ ಹಾಗೆ.

ಅವನು ಅವಳನ್ನೇ ನೋಡಿದ. ಅವಳ ಬೆರಳುಗಳು ಮೂರು ಎಳೆ ಹಿಡಿದು ಒಂದರ ಕೆಳಗೊಂದು ನುಗ್ಗಿಸುತ್ತಲೇ ಇದ್ದವು. ಈಕೆ ಎಲ್ಲವನ್ನೂ ಬಲ್ಲಳು ಎಂದು ಅವನಿಗೆ ಆಗ ಹೊಳೆಯಿತು. ಕೋಣೆಯಲ್ಲಿ ಹಾವಿದೆಯೆಂದು ಹೊಳೆಯುವ ಹಾಗಲ್ಲ, ತಾನು ಹೊದ್ದಿದ್ದ ಕಂಬಳಿಯನ್ನು ಯಾರೋ ಮೊದಲೇ ಹೊದಿಸಿದ್ದರೆಂದು ಹೊಳೆಯುವ ಹಾಗೆ. "ದೊಡ್ಡಮ್ಮ, ನಾನು ಸತ್ತೋದೆ ಅಂತ ಯಾಕೆ ಹೇಳ್ದೆ ಅವರಿಗೆ?"

ಜೋಡಿಯಲ್ ಗಕ್ಕನೆ ತಿರುಗಿದಳು. "ಅಪ್ಪ ಸತ್ತೋದ್ರಾ?"

"ಕಂಬದ ಹಾಗೆ ಎದುರಿಗೇ ನಿಂತಿದಾನಲ್ಲೇ, ತಲೆ ನೆಟ್ಟಗಿಟ್ಕೋ" ಎಂದು ಅವಳ ತಲೆಯನ್ನು ತಿರುಗಿಸಿ ದೊಡ್ಡಮ್ಮ ಬಾಚಣಿಗೆಯನ್ನು ಬಾಯಿಂದ ತೆಗೆದಳು. "ಮತ್ತೇನ್ ಹೇಳ್ಬೇಕಿತ್ತು? ಗೋಡೆ ಆಚೆ ಕೂತ್ಕೊಂಡು ದಿನಾ ಕೆಂಪು ನೀಲಿ ಹಳದಿ ಅಂತ ಯಾರಿಗೋ ಬಗ್ಗಿ ಬಗ್ಗಿ ನಮಸ್ಕಾರ ಮಾಡ್ತಿದ್ರೆ ನಂಗ್ ಕಿವಿ ಇಲ್ವಾ? ಎಲ್ಲಿಗೋ ಹೊರಟಿದಾನೆ, ಆದಷ್ಟು ದೂರಕ್ಕೇ ಹೊರಟಿದಾನೆ ಅಂತ ಗೊತ್ತಾಯ್ತು. ನಂಗೇ ಹೇಳ್ದೆ ಮುಚ್ಚಿಟ್ಟಿದಾನೆ ಅಂದ್ರೆ ಭಾರೀ ದೊಡ್ಡದೇ ಇರ್ಬೇಕು. ಆಮೇಲೆ ಯಾವಳೋ ಫೋನ್ ಮಾಡಿ, ಬಾಯಿ ತುಂಬ ಸಕ್ಕರೆ ಹಾಕ್ಕೊಂಡು, ಲಿನ್ವಲ್ ಅವರು ಇದ್ದಾರೆಯೇ ಅಂತಾಳೆ. ಅಷ್ಟ್ ಮರ್ಯಾದೆ ಕೊಟ್ಟು ಮಾತಾಡೋರು ಏನೋ ಕೆಡಿಸೋಕ್ಕೇ ಬಂದಿರ್ತಾರೆ. ಇಲ್ಲ ಅಂದೆ. ಮತ್ತೆ ಮಾಡಿದ್ಲು. ಸಾಯಿಸಿಬಿಟ್ಟೆ. ಸತ್ತೋನಿಗೆ ಯಾರ್ ಕಣ್ಣೂ ಬೀಳಲ್ಲ."

"ಅವರು ಕೆಲಸ ಕೊಡೋರು, ದೊಡ್ಡಮ್ಮ. ಇವತ್ತು ಏಳಕ್ಕೆ ಮತ್ತೆ ಮಾಡ್ತಾರೆ. ಅದೇ ಕೊನೆ."

ದೊಡ್ಡಮ್ಮನ ಬೆರಳು ನಿಂತವು. ಮೊದಲ ಬಾರಿಗೆ ಅವಳ ಮುಖದಲ್ಲಿ ಹೆದರಿಕೆ ಕಂಡಿತು, ಮತ್ತು ಅದರ ಹಿಂದೆಯೇ ಒಂದು ಸಿಟ್ಟು. "ಹಾಗಾದ್ರೆ ಹೇಳ್ಬೇಕಿತ್ತಲ್ಲೋ ಮುಠ್ಠಾಳ!"

"ಯಾರಿಗೂ ಹೇಳ್ಬಾರ್ದು ಅಂತ ನೀನೇ ಅಲ್ವಾ..."

"ಯಾರಿಗೂ ಅಂದ್ರೆ ಯಾರಿಗೂ. ನಾನು ಯಾರೋನಾ?"

ಕತ್ತಿ ಮಸೆಯುವ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ಅವರಿಬ್ಬರ ಕೆಳಗೆ, ಎಣ್ಣೆಯಲ್ಲಿ ಹೊಳೆಯುವ ಅರ್ಧ ತಲೆ, ಇಬ್ಬರ ಮಾತನ್ನೂ ಕೇಳುತ್ತಾ ಅಲುಗದೆ ಕೂತಿತ್ತು. ಅದು ಅಷ್ಟು ಅಲುಗದೆ ಇದ್ದದ್ದೇ ಲಿನ್ವಲನಿಗೆ ಸಹಿಸಲಾಗಲಿಲ್ಲ. ಅವನು ಮಗಳೆದುರು ಕುಕ್ಕರುಗಾಲಲ್ಲಿ ಕೂತ. ಜಪಾನು ಎಂದ. ಅಲ್ಲಿ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಕೆಲಸ ಎಂದ. ಹೇಳುತ್ತ ಹೇಳುತ್ತ ತನ್ನ ದನಿ ತರಗತಿಯ ದನಿಯಾಗುತ್ತಿರುವುದನ್ನು ಕೇಳಿಸಿಕೊಂಡ, ನಿಲ್ಲಿಸಿದ.

"ವಿಮಾನದಲ್ಲಾ?" ಎಂದಳು ಜೋಡಿಯಲ್.

"ಹೂಂ."

"ಯಾವತ್ತು?"

"ಗೊತ್ತಿಲ್ಲ ಮಗಳೇ. ಕಾಗದ ಬರ್ಬೇಕು. ಮೊದಲು ಅಲ್ಲಿಂದ ಒಂದು ಪತ್ರ, ಆಮೇಲೆ ಕಿಂಗ್‌ಸ್ಟನ್ನಿಗೆ ಹೋಗಿ ವೀಸಾ."

ಅವಳು ಸ್ವಲ್ಪ ಹೊತ್ತು ಅವನ ಟೈ ನೋಡಿದಳು. "ನಮ್ ಕ್ಲಾಸಿನ ಕೆರಿಸಾಳ ಅಮ್ಮ ಹೋದ್ರಲ್ಲ, ಹಾಗಾ? ನಾ ಎದ್ದಾಗ ಇರಲ್ವಾ?"

ಅಳುತ್ತಾ ಕೇಳಿದ್ದರೆ ತಡೆದುಕೊಳ್ಳಬಹುದಿತ್ತು. ಹವೆಯ ವಿಷಯ ಕೇಳುವ ಹಾಗೆ ಕೇಳಿದಳು. ಆ ದನಿ ಅವನಿಗೆ ಗೊತ್ತಿತ್ತು, ಭಾನುವಾರದ ಫೋನಿನಲ್ಲಿ ಅವನು ಬಳಸುತ್ತಿದ್ದುದು ಅದನ್ನೇ. ಅವಳು ಈಗಾಗಲೇ ಅದನ್ನು ಕಲಿಯುತ್ತಿದ್ದಾಳೆ. "ಹಾಗೆ ಹೋಗಲ್ಲ" ಎಂದ. ಬೇರೇನೋ ಹೇಳಬೇಕಿತ್ತು, ದೊಡ್ಡದು, ಆಣೆಯಂಥದ್ದು, ಬರಲಿಲ್ಲ. "ಹೇಳ್ದೆ ಹೋಗಲ್ಲ." ಜೋಡಿಯಲ್ ನಂಬಿದಳೋ ಇಲ್ಲವೋ. "ಆಯ್ತು" ಎಂದಳು, ತಲೆಯನ್ನು ಮತ್ತೆ ದೊಡ್ಡಮ್ಮನ ಮೊಣಕಾಲುಗಳ ನಡುವೆ ತಾನೇ ಇಟ್ಟಳು.

ಏಳಕ್ಕೆ ಮೊದಲೇ ದೊಡ್ಡಮ್ಮ ಕೈ ತೊಳೆದು, ಏಪ್ರನ್ ಬಿಚ್ಚಿ, ಚರ್ಚಿಗೆ ಹಾಕುವ ನೇರಳೆ ಟೋಪಿ ಹಾಕಿಕೊಂಡು ಊಟದ ಮೇಜಿಗೆ ಬಂದು ಕೂತಳು. "ಫೋನಲ್ಲಿ ಕಾಣಲ್ಲ, ದೊಡ್ಡಮ್ಮ." "ಕಾಣದಿದ್ರೂ ಕೇಳ್ಸುತ್ತೆ" ಎಂದಳು. ಫೋನು ಮೇಜಿನ ನಡುವೆ, ಬೇಯಿಸಿದ ಗೆಣಸಿನ ತಟ್ಟೆಯ ಪಕ್ಕ, ದನಿ ಎಲ್ಲರಿಗೂ ಕೇಳುವ ಹಾಗೆ. ಅದು ಮೊಳಗಿದಾಗ ಮೂವರೂ ಬೆಚ್ಚಿದರು.

ಹಮಾಗುಚಿಯ ದನಿ ಸಣ್ಣದಾಗಿ, ಸ್ಪಷ್ಟವಾಗಿ ಬಂತು. ಹಿಂದೆ ಎಲ್ಲೋ ಅವರ ಶುಕ್ರವಾರದ ಬೆಳಗಿನ ಸದ್ದು, ಒಂದು ಬಾಗಿಲು, ಯಾರೋ ನಕ್ಕದ್ದು. ಶ್ರೀ ಡೇಕರ್ಸ್ ಅವರ ಮನೆಯೇ ಎಂದು ಕೇಳಿದಳು.

"ಹೌದು ತಾಯಿ" ಎಂದಳು ದೊಡ್ಡಮ್ಮ. "ನಾನು ಅವನ ದೊಡ್ಡಮ್ಮ. ಅವನು ಏಳು ವರ್ಷದವನಿದ್ದಾಗಿಂದ ನಾನೇ ಸಾಕಿದ್ದು."

"ಕ್ಷಮಿಸಿ, ಕಳೆದ ಬಾರಿ ತಾವು ಅವರು ತೀರಿಕೊಂಡರೆಂದಿರಿ."

"ಅಂದೆ. ಈಗ ಎದ್ದು ಕೂತಿದಾನೆ. ದೇವರು ದೊಡ್ಡೋನು." ಲಿನ್ವಲ್ ಕಣ್ಣು ಮುಚ್ಚಿದ. ದೊಡ್ಡಮ್ಮ ಟೋಪಿ ಸರಿಮಾಡಿಕೊಂಡು ದನಿ ಇಳಿಸಿದಳು. "ನೋಡಮ್ಮ, ನಮ್ಮಲ್ಲಿ ಒಬ್ರು ಪ್ರಯಾಣಕ್ಕೆ ಹೊರಟ್ರೆ ಮನೆಯೋರು ಬಾಯಿ ಬಿಡಲ್ಲ. ಕೇಳಿದ್ರೆ ಇಲ್ಲ ಅಂತೀವಿ. ಅವನ ಕೆಲಸ ಕೆಡದೇ ಇರ್ಲಿ ಅಂತ ನಾನೇ ಕೆಡಿಸ್ತಾ ಇದ್ದೆ. ಬೈಯೋದಿದ್ರೆ ನನ್ನ ಬೈಯಿ. ಅವನು ಒಳ್ಳೇ ಮೇಷ್ಟ್ರು. ಬೇಜಾರಾಗೋವಷ್ಟು ಒಳ್ಳೇ ಮೇಷ್ಟ್ರು."

ಏನೋ ಬರೆದುಕೊಳ್ಳುವ ಸದ್ದು. ತಿಳಿಯಿತು, ಧನ್ಯವಾದಗಳು ಎಂದಳು ಹಮಾಗುಚಿ. ಅವಳ ದನಿ ನಗುತ್ತಿತ್ತೋ ಇಲ್ಲವೋ ಹೇಳಲಾಗುತ್ತಿರಲಿಲ್ಲ. ಇನ್ನೊಂದೇ ಪ್ರಶ್ನೆ, ಮನೆಯಲ್ಲಿ ಯಾರು ಯಾರು ಇದ್ದೀರಿ?

"ನಾನು" ಎಂದಳು ದೊಡ್ಡಮ್ಮ. "ಲಿನ್ವಲ್." ಅಲ್ಲಿಗೆ ನಿಲ್ಲಿಸಿ ಅವನ ಮುಖ ನೋಡಿದಳು. ಎಣಿಸಲೋ ಬೇಡವೋ ಎಂದು ಕೇಳುತ್ತಿದ್ದಳು. ಅವನು ಬೇಡವೆಂದರೆ ಎಣಿಸುವುದಿಲ್ಲ, ಅಷ್ಟೇ ಸಲೀಸಾಗಿ, ರೆಪ್ಪೆ ಅಲುಗದ ಹಾಗೆ. ಅವಳ ಮುಖದಲ್ಲಿ ಅದಕ್ಕೆ ಬೇಕಾದ ಸಿದ್ಧತೆಯೂ ನಿಷ್ಠೆಯೂ ಇದ್ದವು. ಮೇಜಿನ ಆ ಬದಿಯಲ್ಲಿ ಜೋಡಿಯಲ್ ಎಣಿಕೆಯಲ್ಲಿ ಮೂರನೆಯವಳಾಗಿ ತನ್ನ ಹೆಸರು ಬರುವುದನ್ನು ಕಾಯುತ್ತ ಬೆನ್ನು ನೆಟ್ಟಗೆ ಮಾಡಿಕೊಂಡಿದ್ದಳು, ಶಾಲೆಯಲ್ಲಿ ಹಾಜರಿ ಕೂಗುವಾಗ ಮಾಡುವ ಹಾಗೆ. ಕೆಲಸ ಹೋಗುತ್ತದೆ ಎಂದು ಅವನಿಗೆ ಖಚಿತವಾಗಿ ಅನ್ನಿಸಿತು. ಬೂದು ಸಮುದ್ರ, ಪುಟ್ಟ ಕುರ್ಚಿಗಳು ಎಲ್ಲ ಒಮ್ಮೆ ಕಂಡು ಹೋದವು.

"ನನ್ನ ಮಗಳು" ಎಂದ ಲಿನ್ವಲ್. "ಲಿನ್ವಲ್ ಮಾತಾಡುತ್ತಿದ್ದೇನೆ. ಮನೆಯಲ್ಲಿ ನನ್ನ ಮಗಳಿದ್ದಾಳೆ. ಜೋಡಿಯಲ್. ಎಂಟು ವರ್ಷ. ನಾನು ಅರ್ಜಿಯಲ್ಲಿ ಬರೆಯಲಿಲ್ಲ."

"ಅವತ್ತು ನಾನು ಕೇಳಿದ್ದೆ" ಎಂದಳು ಹಮಾಗುಚಿ.

"ಕೇಳಿದ್ದಿರಿ. ಇಲ್ಲ ಅಂದೆ. ಮಗುವಿದೆ ಅಂದರೆ ಬೇಡ ಅನ್ನುತ್ತೀರಿ ಅಂದುಕೊಂಡೆ."

ಆಚೆಯ ಬಾಗಿಲು ಮುಚ್ಚಿದ ಸದ್ದು. ಅವಳೇ ಎದ್ದು ಮುಚ್ಚಿರಬೇಕು. ತಪ್ಪು ವಿವರವಿರುವ ಅರ್ಜಿಯನ್ನು ಕಳಿಸಲಾಗುವುದಿಲ್ಲ ಎಂದಳು. ಹೊಸದಾಗಿ ಬರೆಯಬೇಕು. ಮಗಳ ಜನನ ಪತ್ರ ಬೇಕು. ಅವಳೂ ಬರುವುದಾದರೆ ಅವಳಿಗೆ ಬೇರೆ ಅರ್ಜಿ, ತಾಯಿಯ ಒಪ್ಪಿಗೆಯ ಸಹಿ, ಬೇರೆ ಮನೆ. ಏಪ್ರಿಲ್ಲಿಗೆ ಆಗಲಿಕ್ಕಿಲ್ಲ, ಸೆಪ್ಟೆಂಬರಿಗೆ ಆಗಬಹುದು. ನಮ್ಮ ಮುಖ್ಯಸ್ಥರು ಬೇಡವೆನ್ನಲೂಬಹುದು, ಮರೆಮಾಚಿದ್ದು ಅವರಿಗೆ ಹಿಡಿಸುವುದಿಲ್ಲ. ಪ್ರತಿ ವಾಕ್ಯವೂ ಮೇಜಿನ ಮೇಲೆ ಒಂದೊಂದು ಲೋಟ ಇಟ್ಟ ಹಾಗೆ ಬರುತ್ತಿತ್ತು. ಲಿನ್ವಲ್ ಎಲ್ಲದಕ್ಕೂ ಹೌದು ಹೌದು ಎನ್ನುತ್ತಿದ್ದ. ಕೊನೆಗೆ ಅವಳು, "ಅವತ್ತು ನೆಲದ ಮೇಲೆ ಕೂತಿರಲ್ಲ. ಮಗುವಾಗಿ ಅತ್ತ ನಮ್ಮ ಮುಖ್ಯಸ್ಥರು ಈಗಲೂ ಅದನ್ನೇ ಹೇಳುತ್ತಿರುತ್ತಾರೆ. ಎಲ್ಲಿ ಕಲಿತಿರೆಂದು ನಾನು ಅವರಿಗೆ ತಿಳಿಸುತ್ತೇನೆ. ಸೋಮವಾರ ಉತ್ತರ ಕೊಡುತ್ತೇನೆ" ಎಂದಳು. ಒಂದು ಕ್ಷಣ ಬಿಟ್ಟು, "ನಮಸ್ಕಾರ, ಜೋಡಿಯಲ್" ಎಂದಳು.

"ನಮಸ್ಕಾರ ಮಿಸ್" ಎಂದಳು ಜೋಡಿಯಲ್, ಎದ್ದು ನಿಂತು.

ಫೋನು ಕಟ್ಟಾಯಿತು. ಗೆಣಸು ಆರಿಹೋಗಿತ್ತು. ದೊಡ್ಡಮ್ಮ ಟೋಪಿಯ ಸೂಜಿ ತೆಗೆಯುತ್ತ, "ಬೇಡ ಅಂದಿಲ್ಲ ಅಲ್ವಾ?" ಎಂದಳು. "ಅಂದಿಲ್ಲ" ಎಂದ ಲಿನ್ವಲ್. ಅವನ ಅಂಗಿ ಬೆನ್ನಿಗಂಟಿತ್ತು. ಏಪ್ರಿಲ್ ಹೋಯಿತು, ಬಹುಶಃ ಎಲ್ಲವೂ ಹೋಯಿತು. ಆದರೂ ಮೈಯಲ್ಲಿ ಯಾವುದೋ ಗಂಟು ಬಿಚ್ಚಿ, ಆ ಜಾಗಕ್ಕೆ ಮೊದಲ ಸಲ ರಕ್ತ ಹರಿಯುತ್ತಿರುವಂತೆ ಜುಮ್ಮೆನ್ನುತ್ತಿತ್ತು. ಬಾಗಿಲು ದಾಟುವ ಆ ಗಳಿಗೆಯನ್ನು ನೆನೆದು ನೋಡಿದ. ಇನ್ನೂ ಮಸುಕು, ಆದರೆ ತೂತಿರಲಿಲ್ಲ. ಯಾರೋ ಅಲ್ಲಿ ಶೂ ಲೇಸು ಕಟ್ಟಿಕೊಳ್ಳುತ್ತಿದ್ದರು, ತಡಮಾಡುತ್ತಿದ್ದರು. ಕುರ್ಚಿ ಸರಿದ ಸದ್ದಿಗೆ ತಿರುಗಿ ನೋಡಿದರೆ ಜೋಡಿಯಲ್ ಜಾಗದಲ್ಲಿರಲಿಲ್ಲ. ಆಗಲೇ ಜಗಲಿ ಇಳಿದು, ಅಂಗಳ ದಾಟಿ, ಬೇಲಿಯ ಕೆಳಗಂಬಿಯ ಮೇಲೆ ಹತ್ತಿ ನಿಂತಿದ್ದಳು.

"ಎಗ್ಬರ್ಟ್ ಮಾವಾ! ನಾವು ಜಪಾನಿಗೆ ಹೋಗ್ತೀವಿ!"

"ಹಿಡಿಯೋ ಅವಳನ್ನ!" ಎಂದು ದೊಡ್ಡಮ್ಮ ಕೂಗಿದಳು, ಅರ್ಧ ತೆಗೆದ ಟೋಪಿ ಒಂದು ಕಿವಿಯ ಮೇಲೆ ಜೋಲುತ್ತಿತ್ತು. "ಮುಗೀತು! ಇನ್ನೇನ್ ಉಳೀತು!" ಲಿನ್ವಲ್ ಓಡಿದ. ಅವಳ ಬಾಯಿ ಮುಚ್ಚಲು ಕೈ ಚಾಚಿಕೊಂಡೇ ಓಡಿದ, ಅಂಗಳದ ನಡುವೆ ಆ ಚಾಚಿದ ಕೈಯನ್ನು ತಾನೇ ಕಂಡು ನಿಂತ.

ಬೇಲಿಯಾಚೆ ಎಗ್ಬರ್ಟ್ ಮಾವ ಎದ್ದು ನಿಂತು ಪೈಪನ್ನು ಬಾಯಿಂದ ತೆಗೆದಿದ್ದ. "ಎಲ್ಲಿಗಂದೆ ಮಗಾ? ಯಾವಾಗ?"

ಜೋಡಿಯಲ್ ತಿರುಗಿ ಅಪ್ಪನನ್ನು ನೋಡಿದಳು. ಏನೂ ಇಲ್ಲ ಎಂಬ ಎರಡು ಶಬ್ದ ಅವನ ನಾಲಿಗೆಯ ತುದಿಗೆ ಬಂದು ನಿಂತಿದ್ದವು, ಎಂದಿನಂತೆ ನಯವಾಗಿ. ಅವನು ಅವನ್ನು ನುಂಗಿದ. "ಇನ್ನೂ ಗೊತ್ತಿಲ್ಲ, ಮಾವ. ಕಾಗದ ಬಂದಿಲ್ಲ. ಬರದೇನೂ ಇರ್ಬಹುದು."

"ಬರುತ್ತೆ ಬಿಡೋ" ಎಂದ ಎಗ್ಬರ್ಟ್ ಮಾವ. "ಬರ್ದಿದ್ರೆ ಇಲ್ಲೇ ಬಿದ್ದಿರ್ತೀಯ, ನಮಗೇನ್ ನಷ್ಟ." ಸ್ವಲ್ಪ ಯೋಚಿಸಿ, "ಅಲ್ಲಿ ಗೆಣಸು ಸಿಗುತ್ತೇನೋ? ವಿಚಾರಿಸಿದೀಯಾ? ಅದನ್ನ ವಿಚಾರಿಸಿರಲ್ಲ ನೀನು" ಎಂದು ಬೈದ.

ಅವನ ಹೊಲದಾಚೆಯ ಮನೆಯಲ್ಲಿ ಕಿಟಕಿ ತೆರೆಯಿತು. ಹೆಂಗಸೊಬ್ಬಳು ಕತ್ತಲಿಗೆ ಇಣುಕಿ, "ಏನ್ರೋ ಅದು ಗಲಾಟೆ? ಯಾರ್ ಹೋಗ್ತಿರೋದು?" ಎಂದು ಕೂಗಿದಳು.

ಜೋಡಿಯಲ್ ಬಾಯಿ ತೆರೆದಳು. ಅವಳಿಗಿಂತ ಮೊದಲು ಲಿನ್ವಲನೇ ಕೂಗಿದ, ತಾನಂದುಕೊಂಡದ್ದಕ್ಕಿಂತ ಜೋರಾಗಿ, ಮನೆಯ ದನಿಯಲ್ಲಿ.

"ನಾನು! ನಾನೂ ನನ್ನ ಮಗಳೂ!"